ಮಳೆಯಲ್ಲಿ ಕೊಳೆಯುವ ಹೂಕಾಯಿ ಮತ್ತು ಕೋಲ್ಮನ್ ಸಾಹೇಬರು

ಆಷಾಢ ಕಳೆದು ಶ್ರಾವಣ ಹಿಡಿಯುವ ಹೊತ್ತಿಗೆ ಠಾಣಾ ಕುಶನೂರ ಸುತ್ತಿನ ಊರುಗಳಲ್ಲಿ ಮನೆಯ ಹಿತ್ತಲು ನೋಡಲು ಚೆಂದ. ಮೃಗಶಿರಾ ಮಳೆಗೆ ಊರಿದ ಹೀರೆ, ಸೌತೆ ಬಳ್ಳಿಗಳು ಬೇಲಿ ಹತ್ತಿರುತ್ತವೆ. ಬಚ್ಚಲ ನೀರಿನ ಮಗ್ಗುಲಲ್ಲಿ ಗುಲಾಬಿ ಚಿಗುರಿರುತ್ತದೆ. ದಸರೆಗೆಂದು ನೆಟ್ಟ ಚೆಂಡು ಹೂವಿನ ಸಸಿ ಮೊಳಕಾಲುದ್ದ ಬೆಳೆದಿರುತ್ತದೆ. ಆಮೇಲೆ ಆಶ್ಲೇಷಾ, ಮಘಾ ಮಳೆಗಳು ನಾಲ್ಕಾರು ದಿನ ಬಿಡದೆ ಹಿಡಿದವೆಂದರೆ ನೋಟವೇ ಬೇರೆ. ಸೌತೆ ಮಿಡಿ ಹಳದಿಯಾಗಿ ಉದುರುತ್ತದೆ, ಗುಲಾಬಿ ಎಲೆಗೆ ಕರಿ ಚುಕ್ಕೆ ಬೀಳುತ್ತದೆ, ಚೆಂಡು ಹೂವಿನ ಮೊಗ್ಗು ಅರಳುವ ಮೊದಲೇ ಕಂದಿ ಮೆತ್ತಗಾಗುತ್ತದೆ. ಮಳೆ ಹೆಚ್ಚಾಯಿತು, ಕೊಳೆಯಿತು ಎಂದು ಮನೆಯವರು ಸುಮ್ಮನಾಗುತ್ತಾರೆ.

ಆದರೆ ಮಳೆಯ ನೀರು ತಾನಾಗಿ ಹೂವನ್ನಾಗಲಿ ಕಾಯನ್ನಾಗಲಿ ಕೊಳೆಸುತ್ತದೆಯೆ? ನೀರಿನಲ್ಲೇ ಬೆಳೆಯುವ ತಾವರೆ ಕೊಳೆಯುವುದಿಲ್ಲವಲ್ಲ! ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ನಮ್ಮ ನಾಡಿನ ಅಡಿಕೆ ತೋಟಗಳಲ್ಲಿ ಈ ಪ್ರಶ್ನೆಯನ್ನು ಹಿಡಿದು ಕೆಲಸ ಮಾಡಿ, ಕೊಳೆಗೆ ಕಾರಣವನ್ನೂ ಅದನ್ನು ತಡೆಯುವ ಬಗೆಯನ್ನೂ ತೋರಿಸಿಕೊಟ್ಟವರು ಡಾಕ್ಟರ್ ಲೆಸ್ಲಿ ಚಾರ್ಲ್ಸ್ ಕೋಲ್ಮನ್. ಹಳೆಯ ಮೈಸೂರು ಸೀಮೆಯ ರೈತರಿಗೆ ಅವರು ಕೋಲ್ಮನ್ ಸಾಹೇಬರೆಂದೇ ಪರಿಚಿತರು. ನಮ್ಮ ಬೀದರ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1956ರಲ್ಲಿ ರಾಜ್ಯಗಳು ಹೊಸದಾಗಿ ಕೂಡಿದ ಮೇಲೆಯೇ ನಾವು ಆ ಸೀಮೆಯವರೊಡನೆ ಒಂದಾದದ್ದು. ಹಾಗಾಗಿ ಕೋಲ್ಮನ್ನರ ಇಲಾಖೆಗೂ ನಮ್ಮ ಹೊಲಗಳಿಗೂ ಆ ದಿನಗಳಲ್ಲಿ ಸಂಬಂಧವಿರಲಿಲ್ಲ. ಆದರೂ ಅವರು ಅಡಿಕೆಗೆ ಕಂಡುಕೊಂಡ ವಿಷಯ ನಮ್ಮ ಹಿತ್ತಲಿನ ಹೂಗಿಡಕ್ಕೂ ಸಲ್ಲುವುದರಿಂದ ಅವರ ಜೀವನವನ್ನು ಇಲ್ಲಿ ಹೇಳುತ್ತಿದ್ದೇವೆ.

ಕೋಲ್ಮನ್ ಹುಟ್ಟಿದ್ದು 1878ರಲ್ಲಿ, ಕೆನಡಾ ದೇಶದ ಒಂಟಾರಿಯೋ ಪ್ರಾಂತದಲ್ಲಿ. ವರ್ಷದಲ್ಲಿ ನಾಲ್ಕೈದು ತಿಂಗಳು ಹಿಮ ಬೀಳುವ ನಾಡು ಅದು. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಓದಿ, ಮುಂದೆ ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರ್ ಪದವಿ ಪಡೆದರು. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿ ಏನು ಮಾಡುತ್ತವೆ ಎಂಬುದು ಅವರ ಆಗಿನ ಅಭ್ಯಾಸದ ವಿಷಯ. 1908ರಲ್ಲಿ, ಮೂವತ್ತರ ಹರೆಯದಲ್ಲಿ, ಮೈಸೂರು ಸಂಸ್ಥಾನದ ಸರಕಾರ ಅವರನ್ನು ಸಸ್ಯರೋಗ ಮತ್ತು ಕೀಟಗಳ ತಜ್ಞರನ್ನಾಗಿ ಬೆಂಗಳೂರಿಗೆ ಕರೆಸಿಕೊಂಡಿತು. ಬೆಳೆಗೆ ರೋಗ ಬಿದ್ದರೆ ನೋಡುವುದಕ್ಕೆಂದೇ ಒಬ್ಬ ಅಧಿಕಾರಿ ಇರುವುದು ಆಗಿನ ಕಾಲಕ್ಕೆ ಹೊಸ ಸಂಗತಿ.

ಬಂದವರ ಮುಂದೆ ಇದ್ದ ದೊಡ್ಡ ದೂರು ಮಲೆನಾಡಿನ ಅಡಿಕೆಯದು. ಶಿವಮೊಗ್ಗ, ಕಡೂರು ಜಿಲ್ಲೆಗಳ ತೋಟಗಳಲ್ಲಿ ಮುಂಗಾರು ಹಿಡಿದು ಎರಡು ಮೂರು ವಾರ ಕಳೆಯುತ್ತಲೇ ಹಸಿರು ಅಡಿಕೆ ಕಾಯಿಗಳು ತೊಟ್ಟಿನ ಹತ್ತಿರ ನೀರು ತುಂಬಿದಂತೆ ಮಂಕಾಗುತ್ತಿದ್ದವು. ಅನಂತರ ಹೊಳಪು ಕಳೆದುಕೊಂಡು, ಮೈಮೇಲೆ ಬಿಳಿಯ ನೂಲಿನಂಥ ಬೂಷ್ಟು ಹೊದ್ದು ಉದುರುತ್ತಿದ್ದವು. ಬೆಳಿಗ್ಗೆ ಎದ್ದು ನೋಡಿದರೆ ಮರದ ಬುಡದಲ್ಲಿ ವರ್ಷದ ಫಸಲು ಹಾಸಿ ಬಿದ್ದಿರುತ್ತಿತ್ತು. ಕೆಲವು ಮರಗಳಲ್ಲಿ ರೋಗ ಸುಳಿಗೂ ಏರಿ ಮರವೇ ಸಾಯುತ್ತಿತ್ತು. ಅಡಿಕೆ ಮರ ಫಲಕ್ಕೆ ಬರಲು ಐದಾರು ವರ್ಷಕ್ಕೂ ಹೆಚ್ಚು ಬೇಕು. ಬೇರೆ ಬೆಳೆಯಿಲ್ಲದ ಕಣಿವೆಯ ಮನೆಗೆ ಅದೇ ಬಟ್ಟೆಬರೆ, ಅದೇ ಮದುವೆ ಮುಂಜಿ, ಅದೇ ಕಂದಾಯ. ಒಂದು ಮಳೆಗಾಲ ಕೊಳೆ ಬಿದ್ದರೆ ಸಾಲ, ಎರಡು ಮಳೆಗಾಲ ಬಿದ್ದರೆ ತೋಟವೇ ಒತ್ತೆ.

ರೈತರು ಕೈಕಟ್ಟಿ ಕೂತಿರಲಿಲ್ಲ. ಅಡಿಕೆಯ ಹಾಳೆಯಿಂದ ಕೊಟ್ಟೆ ಮಾಡಿ, ಮಳೆಗೆ ಮುಂಚೆ ಮರ ಹತ್ತಿ, ಒಂದೊಂದು ಗೊನೆಗೂ ಟೋಪಿ ತೊಡಿಸಿದಂತೆ ಕಟ್ಟುತ್ತಿದ್ದರು. ನೀರು ತಾಗದಿದ್ದರೆ ಕಾಯಿ ಉಳಿಯುತ್ತದೆ ಎಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು. ಇದನ್ನು ಬರೆಯುವಾಗ ನಮಗೆ ಅನಿಸುವುದೇನೆಂದರೆ, ಕೊಟ್ಟೆ ಕಟ್ಟಿದ ರೈತ ಅರ್ಧ ವಿಜ್ಞಾನವನ್ನು ಆಗಲೇ ಕಂಡುಕೊಂಡಿದ್ದ. ಆದರೆ ನಲವತ್ತು ಐವತ್ತು ಅಡಿ ಎತ್ತರದ ನೂರಾರು ಮರಗಳಿಗೆ ಕೊಟ್ಟೆ ಕಟ್ಟುವುದು ಬಲು ದುಬಾರಿಯ ಕೆಲಸ. ಕಟ್ಟುವ ಕುಶಲಿಗಳೂ ಎಲ್ಲರಿಗೂ ಸಿಗುತ್ತಿರಲಿಲ್ಲ. ಗಾಳಿಗೆ ಬಿಚ್ಚಿಹೋದ ಕೊಟ್ಟೆಯ ಗತಿ ಕೇಳುವುದೇ ಬೇಡ.

ಕೋಲ್ಮನ್ ರೋಗದ ಕಾಯಿಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಆ ಬಿಳಿ ಬೂಷ್ಟು ಕೊಳೆತ ಮೇಲೆ ಬಂದು ಕೂತದ್ದಲ್ಲ, ಕೊಳೆಸಿದ್ದೇ ಅದು. ಅದರ ಜಾತಿಯ ಹೆಸರು ಫೈಟಾಫ್ತೊರ. ಈ ಹೆಸರನ್ನು ಯೂರೋಪಿನವರು ಭಯದಿಂದ ಕಲಿತಿದ್ದರು. 1845ರಲ್ಲಿ ಐರ್ಲೆಂಡ್ ದೇಶದಲ್ಲಿ ಇದೇ ಕುಲದ ಇನ್ನೊಂದು ಬೂಷ್ಟು ತಂಪು ಮಳೆಯ ದಿನಗಳಲ್ಲಿ ಆಲೂಗಡ್ಡೆಯ ಹೊಲಗಳಿಗೆ ಬಿದ್ದು, ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಹಸಿವು ಮತ್ತು ಜ್ವರದಿಂದ ಸತ್ತಿದ್ದರು. ಅಲ್ಲಿಯೂ ಮೊದಲು ಜನ ದೂರಿದ್ದು ಮಳೆಯನ್ನೇ.

ಈ ಜೀವಿಯ ಬದುಕು ಬಹಳ ವಿಚಿತ್ರವಾದದ್ದು. ಇದರ ಬೀಜಕಣಗಳಿಗೆ ಸಣ್ಣ ಬಾಲಗಳಿವೆ, ಕಪ್ಪೆಯ ಮರಿಗಳ ಹಾಗೆ ನೀರಿನಲ್ಲಿ ಈಜುತ್ತವೆ. ಕಾಯಿಯ ಮೇಲೆ ತೆಳ್ಳಗೆ ನೀರಿನ ಪದರ ಇದ್ದರೆ ಸಾಕು, ಈಜಿ ಹೋಗಿ ಮೃದುವಾದ ಜಾಗ ಹುಡುಕಿ ಒಳಗೆ ಬೇರು ಬಿಡುತ್ತವೆ. ಮಳೆಯ ಹನಿ ರೋಗದ ಕಾಯಿಗೆ ಬಡಿದು ಸಿಡಿದಾಗ ಕಣಗಳು ಪಕ್ಕದ ಗೊನೆಗೆ ಹಾರುತ್ತವೆ. ಗಾಳಿ ಅವುಗಳನ್ನು ಪಕ್ಕದ ಮರಕ್ಕೆ ಒಯ್ಯುತ್ತದೆ. ಒಂದು ದೊಡ್ಡ ಮಳೆ ಬಂದು ಹೋದರೆ ಅಷ್ಟು ಅಪಾಯವಿಲ್ಲ. ಜಿಟಿಜಿಟಿ ಮಳೆ, ನಡುನಡುವೆ ಎಳೆಬಿಸಿಲು, ಮತ್ತೆ ಮಳೆ, ಮೈ ಒಣಗಲು ಬಿಡದ ಮೋಡ, ಇದು ಅದಕ್ಕೆ ಹಬ್ಬ. ಇಂದಿನ ತಜ್ಞರು ಇದನ್ನು ನಿಜವಾದ ಶಿಲೀಂಧ್ರವೆನ್ನದೆ ಪಾಚಿಯ ದೂರದ ನೆಂಟನೆಂದು ಎಣಿಸುತ್ತಾರೆ, ಹೆಸರನ್ನೂ ಬದಲಿಸಿದ್ದಾರೆ. ಆದರೆ ಕೋಲ್ಮನ್ 1910ರಲ್ಲಿ ಇಲಾಖೆಯ ಪ್ರಕಟಣೆಯಾಗಿ ಬರೆದ ವಿವರ ಇವತ್ತಿಗೂ ಈ ರೋಗದ ಅಭ್ಯಾಸಕ್ಕೆ ಮೊದಲ ಮೆಟ್ಟಿಲು. ಆ ಪ್ರಕಟಣೆಯ ಹೆಸರಿನಲ್ಲಿ ಅವರು ನಮ್ಮ ರೈತರ ಮಾತನ್ನೇ ಉಳಿಸಿಕೊಂಡರು. ಹೀಗೆ ಕೊಳೆರೋಗವೆಂಬ ಕನ್ನಡದ ಶಬ್ದ ಲೋಕದ ಸಸ್ಯಶಾಸ್ತ್ರದ ಪುಸ್ತಕಗಳಲ್ಲಿ ಕನ್ನಡವಾಗಿಯೇ ನಿಂತಿದೆ. ಕಾಫಿಗೆ ಬೀಳುವ ಕೊಳೆಯ ಬೂಷ್ಟಿಗಂತೂ 1876ರಲ್ಲೇ ಇಂಗ್ಲೆಂಡಿನ ಕುಕ್ ಎಂಬ ತಜ್ಞರು ಶಾಸ್ತ್ರೀಯ ಹೆಸರಿನಲ್ಲಿಯೇ ಕೊಳೆರೋಗವೆಂಬ ಪದ ಸೇರಿಸಿದ್ದರು.

ಕಾರಣ ತಿಳಿದ ಮೇಲೆ ಔಷಧಿ ಹುಡುಕಬೇಕಾಗಿರಲಿಲ್ಲ, ಅದು ಫ್ರಾನ್ಸಿನಲ್ಲಿ ಸಿದ್ಧವಾಗಿತ್ತು. ಅದರ ಕಥೆ ಸ್ವಾರಸ್ಯವಾಗಿದೆ. ಬೋರ್ಡೋ ಪಟ್ಟಣದ ಹತ್ತಿರದ ದ್ರಾಕ್ಷಿ ತೋಟದವರು ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಯ ಮಗ್ಗುಲ ಬಳ್ಳಿಗಳಿಗೆ ಮೈಲುತುತ್ತು ಮತ್ತು ಸುಣ್ಣದ ನೀರು ಎರಚಿ ನೀಲಿ ಮಾಡುತ್ತಿದ್ದರು. 1882ರಲ್ಲಿ ಮಿಲಾರ್ಡೆ ಎಂಬ ಪ್ರಾಧ್ಯಾಪಕರು ಆ ದಾರಿಯಲ್ಲಿ ನಡೆಯುವಾಗ, ತೋಟದ ಒಳಗಿನ ಬಳ್ಳಿಗಳೆಲ್ಲ ಬೂಷ್ಟು ರೋಗದಿಂದ ಎಲೆ ಉದುರಿಸಿದ್ದರೂ ನೀಲಿ ಬಳ್ಳಿಗಳು ಹಸಿರಾಗಿರುವುದನ್ನು ಗಮನಿಸಿದರು. ಕಳ್ಳರಿಗೆಂದು ಮಾಡಿದ್ದು ರೋಗವನ್ನು ಓಡಿಸಿತ್ತು! 1885ರಲ್ಲಿ ಅವರು ಅದನ್ನು ಪ್ರಕಟಿಸಿದರು. ಅದೇ ಬೋರ್ಡೋ ದ್ರಾವಣ.

ಆದರೆ ಫ್ರಾನ್ಸಿನ ದ್ರಾಕ್ಷಿಬಳ್ಳಿ ಎದೆಮಟ್ಟದ ಗಿಡ, ಅಲ್ಲಿ ಮಳೆಯೂ ಸ್ವಲ್ಪ. ಇಲ್ಲಿ ಆಗುಂಬೆಯಂಥ ಕಡೆ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮ ಬೀದರ ಜಿಲ್ಲೆಗೆ ಬೀಳುವುದು ಸುಮಾರು 850, ಅಂದರೆ ನಮ್ಮ ಎಂಟು ವರ್ಷದ ಮಳೆ ಅಲ್ಲಿ ಒಂದೇ ವರ್ಷಕ್ಕೆ. ನುಣ್ಣನೆಯ ಅಡಿಕೆ ಕಾಯಿಯ ಮೇಲೆ ಹೊಡೆದ ಔಷಧಿ ಅಂಥ ಮಳೆಯಲ್ಲಿ ನಿಲ್ಲಬೇಕು. ಅದಕ್ಕೆ ರಾಳವನ್ನು ಸೋಡಾದೊಡನೆ ಕಾಯಿಸಿದ ಅಂಟನ್ನು ದ್ರಾವಣಕ್ಕೆ ಬೆರೆಸುವ ಪದ್ಧತಿ ಬಂತು. ಮರ ಹತ್ತುವವರಿಗೆ ಸಿಂಪರಣೆಯ ಯಂತ್ರ ಹಿಡಿದು ಗೊನೆಯ ಎಲ್ಲ ಕಡೆಗೂ ಹೊಡೆಯುವುದನ್ನು ಕಲಿಸಬೇಕಾಯಿತು. ಎಲ್ಲಕ್ಕಿಂತ ಕಷ್ಟದ ಕೆಲಸ ಇನ್ನೊಂದಿತ್ತು. ಔಷಧಿಯನ್ನು ಮಳೆಗೆ ಮುಂಚೆ, ರೋಗ ಇನ್ನೂ ಕಾಣದಿರುವಾಗ ಹೊಡೆಯಬೇಕು. ಒಳಗೆ ಹೊಕ್ಕ ಬೂಷ್ಟನ್ನು ಅದು ಕೊಲ್ಲಲಾರದು, ಬಾಗಿಲಲ್ಲಿ ಕಾವಲು ನಿಲ್ಲಬಲ್ಲದು ಅಷ್ಟೆ. ಚೆನ್ನಾಗಿರುವ ಗೊನೆಗೆ ದುಡ್ಡು ಕೊಟ್ಟು ನೀಲಿ ವಿಷ ಹೊಡೆಸಬೇಕೆಂದರೆ ಯಾವ ರೈತ ಒಪ್ಪಿಯಾನು? ಆ ಅಡಿಕೆಯನ್ನು ನಾಳೆ ಜನ ಬಾಯಿಗೆ ಹಾಕಿಕೊಳ್ಳುವವರು ಬೇರೆ.

ಇದಕ್ಕೆ ಕಾಗದದ ಮೇಲಿನ ವಾದ ಸಾಲದು. ರೈತರ ತೋಟಗಳಲ್ಲಿಯೇ ಹೊಡೆದು ತೋರಿಸುವ ಪ್ರಾತ್ಯಕ್ಷಿಕೆಯ ದಾರಿಯನ್ನು ಇಲಾಖೆ ಹಿಡಿಯಿತು. ಹೊಡೆದ ಮರ, ಹೊಡೆಯದ ಮರ ಅಕ್ಕಪಕ್ಕದಲ್ಲಿದ್ದರೆ ಶ್ರಾವಣದ ಹೊತ್ತಿಗೆ ನೆಲವೇ ಸಾಕ್ಷಿ ಹೇಳುತ್ತದೆ. ಕ್ರಮೇಣ ಮಲೆನಾಡಿನ ತೋಟಗಾರರು ಇದನ್ನು ತಮ್ಮದನ್ನಾಗಿ ಮಾಡಿಕೊಂಡರು. ಮುಂಗಾರಿಗೆ ಮುನ್ನ ಒಂದು ಸಲ, ಅದಾಗಿ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ ಔಷಧಿ ಹೊಡೆಯುವುದು ಅಲ್ಲಿಯ ಬೇಸಾಯದ ಒಂದು ಅಂಗವೇ ಆಯಿತು.

ಅಡಿಕೆಯಿಂದ ಕೋಲ್ಮನ್ ಕಾಫಿಗೆ ನಡೆದರು. ಕಾಫಿಗೂ ಮಳೆಗೂ ಇರುವ ನಂಟು ಹೂವು ಬೆಳೆಯುವ ಯಾರಿಗಾದರೂ ತಿಳಿದಿರಬೇಕಾದದ್ದು. ಮಾರ್ಚಿ, ಏಪ್ರಿಲ್ ತಿಂಗಳ ಒಂದು ಒಳ್ಳೆಯ ಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಒಂದೇ ಸಲ ಬೆಳ್ಳಗೆ ಅರಳುತ್ತದೆ. ಅದನ್ನು ಹೂಮಳೆಯೆನ್ನುತ್ತಾರೆ. ಆ ಮಳೆ ಬಾರದಿದ್ದರೆ ಮೊಗ್ಗು ಅರಳದು. ಆದರೆ ಹೂ ಅರಳಿದ ದಿನವೇ ಮಳೆ ಸುರಿದರೆ ಪರಾಗ ತೊಳೆದುಹೋಗಿ ಕಾಯಿ ಕಟ್ಟುವುದು ಕಡಿಮೆಯಾಗುತ್ತದೆ. ಇಂಥ ಬೆಳೆಗೆ ಎಲೆರೋಗ ಬಿದ್ದು ಬೆಳೆಗಾರರು ಕಂಗೆಟ್ಟಾಗ, 1915ರಲ್ಲಿ ಮೈಸೂರು ಸರಕಾರ ಕೊಪ್ಪದಲ್ಲಿ ತಾತ್ಕಾಲಿಕವಾಗಿ ಒಂದು ವಿಜ್ಞಾನ ಘಟಕ ತೆರೆಯಿತು. ಬೋರ್ಡೋ ದ್ರಾವಣ ಅಲ್ಲಿಯೂ ಫಲ ಕೊಟ್ಟಿತು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಯಂ ಆಗಿ ಕಾಫಿ ಪ್ರಯೋಗ ಕ್ಷೇತ್ರ ನೆಲೆಗೊಂಡಿತು. ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಬೆಳೆದದ್ದು ಅದೇ ಬೀಜದಿಂದ.

ಈ ನಡುವೆ 1913ರಲ್ಲಿ ಅವರು ಮೈಸೂರು ಕೃಷಿ ಇಲಾಖೆಯ ನಿರ್ದೇಶಕರಾದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ವಿಶ್ವೇಶ್ವರಯ್ಯನವರು ದಿವಾನರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭವಾಯಿತು. ಅಲ್ಲಿಯ ಮೂವತ್ತು ಎಕರೆ ಪ್ರಯೋಗ ಕ್ಷೇತ್ರ 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಕೊಟ್ಟದ್ದು. ಆ ನೆಲದಲ್ಲೇ ಮುಂದೆ ಕೃಷಿ ಕಾಲೇಜು, 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಬಂದವು. ರಾಗಿಯ ತಳಿ ಆಯ್ಕೆಯ ಕೆಲಸ ಕೋಲ್ಮನ್ನರ ಕಾಲದಲ್ಲಿ ಆರಂಭವಾಗಿ 1918ರಲ್ಲಿ ಎಚ್-22 ಎಂಬ ತಳಿ ಹೊರಬಂತು. ಆರೋಗ್ಯ ಕೆಟ್ಟು 1925ರಲ್ಲಿ ಕೆಲಸ ಬಿಟ್ಟವರು 1928ರಲ್ಲಿ ಮರಳಿ ಬಂದು 1934ರ ತನಕ ಇದ್ದರು. ಮಂಡ್ಯದ ಕಾಲುವೆ ನೀರಾವರಿಯ ಕೃಷಿ ಕ್ಷೇತ್ರ, 1933ರ ಸಕ್ಕರೆ ಕಂಪನಿ ಇವುಗಳ ಹಿಂದೆಯೂ ಅವರ ದುಡಿಮೆಯಿದೆ. ಇವೆಲ್ಲ ದೊಡ್ಡ ಕೆಲಸಗಳೇ. ಆದರೂ ನಮ್ಮ ಮನಸ್ಸಿಗೆ ಹೆಚ್ಚು ಹತ್ತುವುದು, ಒದ್ದೆ ತೋಟದಲ್ಲಿ ಕೊಳೆತ ಕಾಯಿಯನ್ನು ಎತ್ತಿ ನೋಡಿದ ಆ ಮೊದಲ ಎರಡು ವರ್ಷಗಳ ಕೆಲಸವೇ.

ಅದನ್ನು ನಮ್ಮ ಹಿತ್ತಲಿಗೆ ತಂದು ನೋಡೋಣ. ಇಲ್ಲಿ ಮಳೆಯಿಂದ ಆಗುವ ಕೆಡುಕು ಎರಡು ಬಗೆಯದು, ಅವನ್ನು ಬೆರೆಸಬಾರದು. ಮೊದಲನೆಯದು ಬೇರಿನದು. ನಮ್ಮ ಎರೆ ಮಣ್ಣು ಒಮ್ಮೆ ನೀರು ಕುಡಿದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಮಣ್ಣಿನ ಸಂದಿಯಲ್ಲಿ ಗಾಳಿ ಇಲ್ಲದೆ ಬೇರು ಉಸಿರುಕಟ್ಟುತ್ತದೆ. ಸೇವಂತಿಗೆ, ಚೆಂಡು ಹೂ, ಬದನೆ ನೀರಿನಲ್ಲೇ ನಿಂತಿದ್ದರೂ ಬಾಡಿದಂತೆ ಕಾಣುವುದು ಇದಕ್ಕೇ. ಬಾಡಿತೆಂದು ಮತ್ತೆ ನೀರು ಹಾಕಿದವರುಂಟು! ಇದಕ್ಕೆ ಯಾವ ಔಷಧಿಯೂ ಇಲ್ಲ. ಒಂದು ಗೇಣು ಎತ್ತರದ ಮಡಿ ಮಾಡಿ ಅದರ ಮೇಲೆ ನೆಡಬೇಕು, ಮಡಿಯ ನಡುವಿನ ಕಾಲುವೆಗೆ ಹೊರಹೋಗಲು ದಾರಿ ಇರಬೇಕು. ಕುಂಡದಲ್ಲಿ ಬೆಳೆಯುವವರು ತಳದ ತೂತು ಮುಚ್ಚಿದೆಯೇ ಎಂದು ಆರಿದ್ರಾ ಮಳೆಗೆ ಮೊದಲೇ ಕಡ್ಡಿ ಹಾಕಿ ನೋಡಲಿ. ಮಳೆ ನಿಂತ ಮೇಲೆ ಎಲೆ ಹಳದಿಯಾದರೆ ಮಣ್ಣಿನ ಸತ್ವ ತೊಳೆದುಹೋಗಿದೆಯೆಂದೂ ಇರಬಹುದು. ಕೊಳೆತ ಗೊಬ್ಬರ ಒಂದು ಬೊಗಸೆ ಬುಡಕ್ಕೆ ಕೊಟ್ಟು ಮಣ್ಣು ಸಡಿಲಿಸಿದರೆ ಚೇತರಿಸಿಕೊಳ್ಳುತ್ತದೆ.

ಎರಡನೆಯದು ಕೋಲ್ಮನ್ ತೋರಿಸಿದ ಬಗೆ, ಒದ್ದೆ ಎಲೆಯ ಮೇಲೆ ಬೆಳೆಯುವ ಬೂಷ್ಟು. ಗುಲಾಬಿಯ ಕರಿ ಚುಕ್ಕೆಯ ಬೀಜಕಣಕ್ಕೆ ಎಲೆಯ ಮೇಲೆ ಏಳು ತಾಸಾದರೂ ನೀರು ನಿಲ್ಲಬೇಕು. ಆದುದರಿಂದ ಸಂಜೆ ಹೊತ್ತು ಗಿಡದ ತಲೆಯ ಮೇಲೆ ನೀರು ಸುರಿಯಬಾರದು. ಗಿಡಗಳ ನಡುವೆ ಗಾಳಿ ಆಡಬೇಕು. ಸೇವಂತಿಗೆಯ ಎಲೆಚುಕ್ಕೆ ಯಾವಾಗಲೂ ಕೆಳಗಿನ ಎಲೆಯಿಂದ ಮೇಲಕ್ಕೆ ಏರುವುದನ್ನು ನೋಡಿದ್ದೀರಿ. ನೆಲದಿಂದ ಸಿಡಿದ ಹನಿಯ ಕೆಲಸ ಅದು. ಬುಡಕ್ಕೆ ಒಣಹುಲ್ಲು, ತೊಗರಿ ಹೊಟ್ಟು ಹಾಸಿದರೆ ಹನಿ ಸಿಡಿಯುವುದಿಲ್ಲ. ರೋಗ ಬಿದ್ದ ಎಲೆ, ಮೊಗ್ಗು, ಕಾಯಿಗಳನ್ನು ಆರಿಸಿ ದೂರ ಒಯ್ದು ಸುಡಬೇಕು. ಅಡಿಕೆ ತೋಟದಲ್ಲಿ ಉದುರಿದ ಕಾಯಿಗೂ ಇದೇ ಮಾತು. ಎಲ್ಲ ಬೂಷ್ಟೂ ಮಳೆಯನ್ನು ಬಯಸುವುದಿಲ್ಲ ಎಂಬುದನ್ನೂ ಹೇಳಬೇಕು. ಎಲೆಯ ಮೇಲೆ ಬಿಳಿ ಹಿಟ್ಟು ಚೆಲ್ಲಿದಂತೆ ಕಾಣುವ ಬೂದಿರೋಗ ಹೆಚ್ಚುವುದು ಮಳೆ ಬಿಟ್ಟ ಒಣ ಹವೆಯಲ್ಲಿ, ರಾತ್ರಿ ತಂಪಿದ್ದಾಗ.

ಬೋರ್ಡೋ ದ್ರಾವಣವನ್ನು ಮನೆಯಲ್ಲಿ ಮಾಡಬಹುದು. ಹತ್ತು ಲೀಟರಿಗೆ ನೂರು ಗ್ರಾಂ ಮೈಲುತುತ್ತು, ನೂರು ಗ್ರಾಂ ಒಳ್ಳೆಯ ಸುಟ್ಟ ಸುಣ್ಣ. ಮೈಲುತುತ್ತು ಎಂದರೆ ನಮ್ಮ ಕಡೆಯ ಅಂಗಡಿಗಳಲ್ಲಿ ಮೋರಚೂದವೆಂದು ಕೇಳಿದರೆ ಕೊಡುವ ನೀಲಿ ಹರಳು. ಎರಡನ್ನೂ ಬೇರೆ ಬೇರೆ ಮಣ್ಣಿನ ಇಲ್ಲವೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಐದೈದು ಲೀಟರ್ ನೀರಿಗೆ ಕದಡಿ, ಸುಣ್ಣದ ನೀರನ್ನು ಬಟ್ಟೆಯಲ್ಲಿ ಸೋಸಿ, ಮೈಲುತುತ್ತಿನ ನೀರನ್ನು ಅದಕ್ಕೆ ಸುರಿಯುತ್ತ ಕಲಕಬೇಕು. ಕಬ್ಬಿಣದ ಪಾತ್ರೆ ಕೂಡದು. ಉಜ್ಜಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆದಾಗ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಮಾಡಿದ ದಿನವೇ ಉಪಯೋಗಿಸಬೇಕು. ಗುಲಾಬಿಯ ಎಳೆ ಚಿಗುರಿಗೆ ಅರ್ಧ ಕಸುವಿನದು ಸಾಕು, ಹೆಚ್ಚಾದರೆ ಸುಡುತ್ತದೆ. ಮುಡಿಯುವ, ದೇವರಿಗೆ ಏರಿಸುವ ಅರಳಿದ ಹೂವಿಗೂ, ಕೊಯ್ಲಿಗೆ ಬಂದ ಕಾಯಿಗೂ ಹೊಡೆಯಬೇಡಿ. ತಾಮ್ರ ಮಣ್ಣಿನಲ್ಲಿ ಕರಗಿ ಹೋಗುವುದಿಲ್ಲ, ವರ್ಷ ವರ್ಷ ಕೂಡುತ್ತ ಹೋಗುತ್ತದೆ, ಮೀನಿಗೂ ವಿಷ. ಆದುದರಿಂದ ಬೇಕಾದಷ್ಟೇ ಹೊಡೆದು, ಪಾತ್ರೆ ತೊಳೆದ ನೀರನ್ನು ಬಾವಿ ಹಳ್ಳಕ್ಕೆ ಬಿಡದೆ, ಹರಳನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ಸೌತೆ ಮಿಡಿ ಉದುರುವ ಕಥೆ ಮಾತ್ರ ಬೇರೆ. ಅದು ಹಲವು ಸಲ ರೋಗವೇ ಅಲ್ಲ. ಬೆಳಗಿನ ಮಳೆಯಲ್ಲಿ ಜೇನು ಹೊರಡುವುದಿಲ್ಲ, ಪರಾಗ ನೆನೆದು ಕೆಡುತ್ತದೆ, ಕಾಫಿಯ ಹೂವಿಗೆ ಆದದ್ದೇ ಇದಕ್ಕೂ ಆಗುತ್ತದೆ. ಮಳೆ ಬಿಟ್ಟ ಬೆಳಿಗ್ಗೆ ಗಂಡು ಹೂವೊಂದನ್ನು ಕಿತ್ತು, ಮಿಡಿ ಹೊತ್ತ ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ತಾಗಿಸಿದರೆ ಕುಂಬಳ, ಸೌತೆಗಳು ಕಾಯಿ ಹಿಡಿಯುತ್ತವೆ. ಮನೆಯ ಮಕ್ಕಳಿಗೆ ಈ ಕೆಲಸ ಬಲು ಇಷ್ಟ.

1934ರಲ್ಲಿ ಕೋಲ್ಮನ್ ಕೆನಡಾಕ್ಕೆ ಮರಳಿದರು. ಅಧಿಕಾರದ ಗೊಡವೆ ಬಿಟ್ಟು ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಮತ್ತೆ ಸೂಕ್ಷ್ಮದರ್ಶಕದ ಮುಂದೆ ಕೂತು ಸಸ್ಯಕೋಶಗಳ ಅಭ್ಯಾಸ ನಡೆಸಿದರು. ಕೊನೆಯ ದಿನಗಳನ್ನು ಆ ದೇಶದ ಪಶ್ಚಿಮ ತೀರದಲ್ಲಿ ಕಳೆದು 1954ರಲ್ಲಿ ತೀರಿಕೊಂಡರು.

ಕೊಳೆರೋಗ ಮಾತ್ರ ಸತ್ತಿಲ್ಲ. 2013ರಲ್ಲಿ, ಮತ್ತೆ 2018ರಲ್ಲಿ ಮಲೆನಾಡು ಕರಾವಳಿಗಳಲ್ಲಿ ಮಳೆ ಬಿಡುವೇ ಕೊಡದೆ ಸುರಿದು, ಎರಡನೆಯ ಸಲದ ಔಷಧಿಗೆ ಮರ ಹತ್ತಲು ಒಣ ಹೊತ್ತು ಸಿಗದೆ, ಎಷ್ಟೋ ತೋಟಗಳ ಅಡಿಕೆ ನೆಲ ಸೇರಿತು. ಅಲ್ಲಿ ಈಗಲೂ ರೋಹಿಣಿ ಮಳೆಯ ಹೊತ್ತಿಗೆ ಮೈಲುತುತ್ತು, ಸುಣ್ಣ ತಂದಿಟ್ಟುಕೊಂಡು, ಮರ ಹತ್ತುವವರಿಗೆ ಮೊದಲೇ ಹೇಳಿಟ್ಟು, ಆಕಾಶ ನೋಡುತ್ತಾರೆ.